ಪಿಎಫ್, ಎಫ್‌ಡಿ ದುಡ್ಡು ಹೆಂಡತಿ ಮಕ್ಕಳ ಕೈ ಸೇರಬೇಕಾದರೆ: ನಾಮಿನಿ ಸಾಕಾ, ವಿಲ್ ಬೇಕಾ, ಟ್ರಸ್ಟ್ ಮಾಡಬೇಕಾ?

ಚಿಕ್ಕಪ್ಪನ ತಿಥಿ ಕೆಲಸ ಎಲ್ಲಾ ಮುಗಿದ ಮಾರನೇ ದಿನ ಚಿಕ್ಕಮ್ಮ ಬೀರುವಿನಿಂದ ಬಟ್ಟೆ ಅಂಗಡಿಯ ಒಂದು ಕವರ್ ತಂದು ನನ್ನ ಮುಂದೆ ಚಾಪೆ ಮೇಲೆ ಸುರಿದರು. ಎರಡು ಎಫ್‌ಡಿ ರಸೀದಿ, ಒಂದು ಪಿಪಿಎಫ್ ಪಾಸ್‌ಬುಕ್, ಒಂದು ಎಲ್‌ಐಸಿ ಬಾಂಡ್, ರಬ್ಬರ್ ಬ್ಯಾಂಡ್ ಹಾಕಿದ ಸಂಬಳದ ಚೀಟಿಗಳು. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ದುಡಿದ ಮನುಷ್ಯನ ಉಳಿತಾಯ ಇಷ್ಟೇ ಜಾಗದಲ್ಲಿ ಹಿಡಿಸಿತ್ತು. ಎಫ್‌ಡಿ ರಸೀದಿ ತಿರುಗಿಸಿ ನಾಮಿನಿ ಹೆಸರು ನೋಡಿದೆ. ನಮ್ಮ ದೊಡ್ಡಪ್ಪನ ಹೆಸರಿತ್ತು. ಮದುವೆಗೆ ಮುಂಚೆ ಇಟ್ಟ ದುಡ್ಡು, ಐದು ವರ್ಷಕ್ಕೊಮ್ಮೆ ರಿನ್ಯೂ ಆಗುತ್ತಾ ಬಂದಿದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಪಿಪಿಎಫ್‌ನಲ್ಲಿ ನಾಮಿನಿ ಜಾಗವೇ ಖಾಲಿ.

ದೊಡ್ಡಪ್ಪ ಒಳ್ಳೆಯವರು. ಬ್ಯಾಂಕಿನವರು ಕೊಟ್ಟ ದುಡ್ಡನ್ನು ಅದೇ ವಾರ ಚಿಕ್ಕಮ್ಮನ ಖಾತೆಗೆ ಹಾಕಿದರು. ಆದರೆ ಪಿಪಿಎಫ್ ದುಡ್ಡಿಗೆ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಅಂದರು. ಅದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ, ಎಂಬತ್ತು ದಾಟಿದ ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಕೋರ್ಟಿಗೆ ಹೋಗಿ ಹೆಬ್ಬೆಟ್ಟು ಹಾಕಿಸಿ ಬಂದಿದ್ದು ನನಗಿನ್ನೂ ಮರೆತಿಲ್ಲ. ಅದಾದ ಮೇಲೆ ನಮ್ಮ ಮನೆಯವರದ್ದು, ಅಕ್ಕಪಕ್ಕದವರದ್ದು, ಆಫೀಸಿನವರದ್ದು ಅಂತ ಸುಮಾರು ಜನರ ಕಾಗದಪತ್ರ ನೋಡಿದ್ದೇನೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ನಾಮಿನಿ ಹಾಕಿದರೆ ಸಾಕಲ್ವಾ? ಟ್ರಸ್ಟ್ ಅಂತಾರಲ್ಲ, ಅದೆಲ್ಲ ದೊಡ್ಡವರಿಗೆ ಅಲ್ವಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಜಾಸ್ತಿ ಮನೆಗಳಿಗೆ ಸರಿಯಾದ ನಾಮಿನಿ ಮತ್ತು ಎರಡು ಪುಟದ ವಿಲ್ ಸಾಕು. ಟ್ರಸ್ಟ್ ಬೇಕಾ ಬೇಡವಾ ಅನ್ನುವುದಕ್ಕೂ ದುಡ್ಡು ಎಷ್ಟಿದೆ ಅನ್ನುವುದಕ್ಕೂ ಸಂಬಂಧ ಇಲ್ಲ. ದುಡ್ಡು ತೆಗೆದುಕೊಳ್ಳುವವರು ಅದನ್ನು ತಾವೇ ನಿಭಾಯಿಸಬಲ್ಲರಾ ಅಂತ ಕೇಳಿಕೊಳ್ಳಿ. ನಿಭಾಯಿಸಲಾರರು ಅಂದರೆ ಹತ್ತು ಲಕ್ಷಕ್ಕೂ ಟ್ರಸ್ಟ್ ಬೇಕು.

ನಾಮಿನಿ ಅಂದರೆ ಮಾಲೀಕ ಅಲ್ಲ

ಇದೊಂದು ಮಾತು ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ. ಬ್ಯಾಂಕ್ ದುಡ್ಡು ಯಾರ ಕೈಗೆ ಕೊಟ್ಟು ತನ್ನ ಜವಾಬ್ದಾರಿ ಕಳೆದುಕೊಳ್ಳಬಹುದು ಅನ್ನುವುದಕ್ಕೆ ನಾಮಿನಿ ಇರುವುದು. ಆ ದುಡ್ಡು ಕೊನೆಗೆ ಯಾರಿಗೆ ಸೇರಬೇಕು ಅಂತ ಹೇಳುವುದು ವಿಲ್, ವಿಲ್ ಇಲ್ಲದಿದ್ದರೆ ಉತ್ತರಾಧಿಕಾರ ಕಾಯ್ದೆ. ವಿಮೆ ದುಡ್ಡಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಹೀಗೆ ಹೇಳಿತು. ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಮತ್ತೆ ಅದನ್ನೇ ಹೇಳಿತು.

2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ಆಗಿ, ಹೆಂಡತಿ, ಗಂಡ, ಮಕ್ಕಳು, ತಂದೆ ತಾಯಿ ನಾಮಿನಿ ಆಗಿದ್ದರೆ ಆ ದುಡ್ಡಿನ ಮೇಲೆ ಅವರಿಗೇ ಹಕ್ಕು ಅಂತ ಸೇರಿಸಿದರು. ಹಾಗಾದರೆ ವಿಮೆಯ ಮಟ್ಟಿಗೆ ಜಗಳ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಮುಗಿದಿರಲಿಲ್ಲ. 2025ರಲ್ಲಿ ನಮ್ಮ ಧಾರವಾಡ ಹೈಕೋರ್ಟ್ ಪೀಠದ ಮುಂದೆ ಇಂಥದ್ದೇ ಒಂದು ಕೇಸ್ ಬಂತು. ಮದುವೆಗೆ ಮುಂಚೆ ಪಾಲಿಸಿ ಮಾಡಿ ತಾಯಿಯನ್ನು ನಾಮಿನಿ ಮಾಡಿದ್ದ ವ್ಯಕ್ತಿ, ಆಮೇಲೆ ಮದುವೆಯಾಗಿ ಮಗುವಾದರೂ ಹೆಸರು ಬದಲಾಯಿಸದೆ ತೀರಿಕೊಂಡಿದ್ದರು. ಅತ್ತೆ ಸೊಸೆ ಕೋರ್ಟಿಗೆ ಹೋದರು. ವಾರಸುದಾರರು ಹಕ್ಕು ಕೇಳಿ ಬಂದರೆ ನಾಮಿನಿ ಹೆಸರು ಉತ್ತರಾಧಿಕಾರವನ್ನು ಮೀರುವುದಿಲ್ಲ ಅಂತ ಕೋರ್ಟ್ ಹೇಳಿ, ತಾಯಿ, ಹೆಂಡತಿ, ಮಗು ಮೂವರಿಗೂ ಮೂರನೇ ಒಂದು ಪಾಲು ಕೊಟ್ಟಿತು.

ನೌಕರರ ಸಂಬಳದಲ್ಲಿ ಹಿಡಿಯುವ ಪಿಎಫ್ ದಾರಿ ಬೇರೆ. ಸಂಸಾರ ಇರುವವರು ಸಂಸಾರದವರನ್ನೇ ನಾಮಿನಿ ಮಾಡಬೇಕು. ಮದುವೆಗೆ ಮುಂಚೆ, ಕುಟುಂಬ ಇಲ್ಲದಾಗ ಬೇರೆ ಯಾರನ್ನೋ ಹಾಕಿದ್ದರೆ ಮದುವೆಯಾದ ತಕ್ಷಣ ಅದು ಬಿದ್ದುಹೋಗುತ್ತದೆ. ಅದರ ಜೊತೆಗಿನ ಪಿಂಚಣಿಯೂ ನೇರವಾಗಿ ಹೆಂಡತಿಗೆ ಬರುತ್ತದೆ, ಇಬ್ಬರು ಮಕ್ಕಳಿಗೆ 25 ವರ್ಷ ಆಗುವವರೆಗೂ ಬರುತ್ತದೆ, ಪೂರ್ಣ ಅಂಗವೈಕಲ್ಯ ಇರುವ ಮಗುವಿಗೆ ವಯಸ್ಸಿನ ಮಿತಿಯೇ ಇಲ್ಲ. ಈ ಪಿಂಚಣಿಯನ್ನು ವಿಲ್ ಬರೆದು ಬೇರೆಯವರಿಗೆ ಕೊಡಲು ಆಗುವುದಿಲ್ಲ. ಹಾಗಾಗಿ ಪಿಎಫ್ ಮಟ್ಟಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳದೆ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಪೋರ್ಟಲ್‌ಗೆ ಹೋಗಿ ಇ-ನಾಮಿನೇಷನ್, ಅಂದರೆ ಆನ್‌ಲೈನ್‌ನಲ್ಲೇ ನಾಮಿನಿ ಹೆಸರು ಸೇರಿಸುವುದು, ಮಾಡಿಬಿಡಿ. ಆಧಾರ್ ಮತ್ತು ಫೋಟೋ ಇದ್ದರೆ ಅರ್ಧ ಗಂಟೆ ಕೆಲಸ.

ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ಕು ಜನ ನಾಮಿನಿ ಹಾಕಬಹುದು. ಇಂತಿಷ್ಟು ಪಾಲು ಅಂತ ಹಂಚಿಯೂ ಹಾಕಬಹುದು, ಒಬ್ಬರ ನಂತರ ಒಬ್ಬರು ಅಂತಲೂ ಹಾಕಬಹುದು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೆಂಡತಿ ಒಬ್ಬರೇ ನಾಮಿನಿ ಆಗಿದ್ದರೆ ಅಥವಾ ಜಂಟಿ ಖಾತೆ ಇದ್ದರೆ ಅವರೇ ಆ ಖಾತೆ ಮುಂದುವರಿಸಬಹುದು. ಇದು ದೊಡ್ಡ ಅನುಕೂಲ, ಯಾಕೆಂದರೆ ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿ ನಿಲ್ಲುವುದಿಲ್ಲ. ಪಿಪಿಎಫ್‌ನಲ್ಲಿ ಹಾಗಿಲ್ಲ. ಖಾತೆದಾರರು ತೀರಿಕೊಂಡರೆ ಖಾತೆ ಮುಚ್ಚಿ ದುಡ್ಡು ತೆಗೆದುಕೊಳ್ಳಬೇಕು.

ಜಂಟಿ ಖಾತೆ ಬಗ್ಗೆ ಒಂದೇ ಮಾತು. ಮನೆ ಖರ್ಚಿನ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ, ಯಾರು ಬೇಕಾದರೂ ತೆಗೆಯುವ ಹಾಗೆ ಇರಲಿ. ಸಾವಿನ ಮನೆಯಲ್ಲಿ ಮೊದಲ ತಿಂಗಳು ದಿನಸಿಗೆ, ಆಸ್ಪತ್ರೆ ಬಾಕಿಗೆ ಬೇರೆಯವರ ಮುಂದೆ ಕೈಚಾಚುವ ಸ್ಥಿತಿ ಬರಬಾರದು.

ಏನೂ ಬರೆದಿಡದಿದ್ದರೆ ಯಾರಿಗೆ ಎಷ್ಟು?

"ನನ್ನ ನಂತರ ಎಲ್ಲಾ ನನ್ನ ಹೆಂಡತಿಗೇ ತಾನೇ" ಅಂತ ಎಷ್ಟೋ ಗಂಡಸರು ನೆಮ್ಮದಿಯಾಗಿದ್ದಾರೆ. ಹಾಗಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸು ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಪ್ರತಿ ಮಗ, ಪ್ರತಿ ಮಗಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಮಗಳಿಗೆ ಮದುವೆಯಾಗಿದ್ದರೂ ಸಮಪಾಲೇ. ತಂದೆ ಈ ಮೊದಲ ಸಾಲಿನಲ್ಲಿ ಬರುವುದಿಲ್ಲ. ಚಿಕ್ಕಪ್ಪನ ಪಿಪಿಎಫ್ ದುಡ್ಡು ಹೀಗೇ ನಾಲ್ಕು ಭಾಗ ಆಯಿತು. ಚಿಕ್ಕಮ್ಮ, ಮಗಳು, ಮಗ, ಅಜ್ಜಿ. ಚಿಕ್ಕಮ್ಮನ ಕೈಗೆ ಬಂದಿದ್ದು ಕಾಲು ಭಾಗ. ಅಜ್ಜಿ ತಮ್ಮ ಪಾಲನ್ನು ಸೊಸೆಗೇ ಬಿಟ್ಟುಕೊಟ್ಟರು. ಬಿಟ್ಟುಕೊಡದೆ ತೀರಿಕೊಂಡಿದ್ದರೆ ಆ ಪಾಲು ಅಜ್ಜಿಯ ಬೇರೆ ಮಕ್ಕಳಿಗೂ ಹಂಚಿಹೋಗುತ್ತಿತ್ತು.

ಮಗನ ಪಾಲಿನದ್ದೇ ದೊಡ್ಡ ಕಥೆ. ನನ್ನ ತಮ್ಮ, ಅಂದರೆ ಚಿಕ್ಕಪ್ಪನ ಮಗನಿಗೆ ಹುಟ್ಟಿನಿಂದ ಬೌದ್ಧಿಕ ಅಂಗವೈಕಲ್ಯ ಇದೆ. ಆಗ ಅವನಿಗೆ ಹದಿನಾಲ್ಕು. ಅವನ ಪಾಲನ್ನು ಹದಿನೆಂಟು ಆಗುವವರೆಗೂ ಎಫ್‌ಡಿಯಲ್ಲಿ ಇಡಿ ಅಂತ ಕೋರ್ಟ್ ಹೇಳಿತು. ಹದಿನೆಂಟು ತುಂಬಿತು. ಕಾನೂನಿನ ಲೆಕ್ಕದಲ್ಲಿ ಅವನು ಈಗ ದೊಡ್ಡವನು, ಅವನೇ ಸಹಿ ಮಾಡಬೇಕು, ಅಮ್ಮ ಅನ್ನುವ ಕಾರಣಕ್ಕೆ ಚಿಕ್ಕಮ್ಮ ಸಹಿ ಮಾಡುವ ಹಾಗಿಲ್ಲ. ಅವನಿಗೆ ಸಹಿ ಮಾಡಲು ಬರುವುದಿಲ್ಲ. ಇಂಥವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರುವವರಿಗೆ ಹದಿನೆಂಟರ ನಂತರ ಕಾನೂನು ಪ್ರಕಾರ ಪೋಷಕರನ್ನು ನೇಮಿಸುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ. ಚಿಕ್ಕಮ್ಮ ಅಲ್ಲಿಗೆ ಅರ್ಜಿ ಹಾಕಿ, ಆದೇಶ ಬಂದ ಮೇಲೆಯೇ ಎಫ್‌ಡಿ ಮುಟ್ಟಲು ಆಗಿದ್ದು. ಹೆಸರು ಒಂದೇ ಥರ ಇದೆ ಅಂತ ಗೊಂದಲ ಬೇಡ. ನ್ಯಾಷನಲ್ ಟ್ರಸ್ಟ್ ಅನ್ನುವುದು ಕೇಂದ್ರ ಸರ್ಕಾರದ ಸಂಸ್ಥೆ. ನಾವು ಮುಂದೆ ಮಾತಾಡುವುದು ಮನೆಯವರಿಗಾಗಿ ನಾವೇ ಮಾಡುವ ಖಾಸಗಿ ಟ್ರಸ್ಟ್.

ವಿಲ್: ಕಡಿಮೆ ಖರ್ಚು, ದೊಡ್ಡ ಕೆಲಸ

ಬಿಳಿ ಹಾಳೆ ಸಾಕು. ಸ್ಟಾಂಪ್ ಪೇಪರ್ ಬೇಡ. ನೀವು ಸಹಿ ಮಾಡಬೇಕು, ಇಬ್ಬರು ಸಾಕ್ಷಿಗಳು ಅದನ್ನು ನೋಡಿ ತಾವೂ ಸಹಿ ಮಾಡಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ಕಡ್ಡಾಯ ಅಲ್ಲ, ಆದರೂ ಮಾಡಿಸಿ. ಮುಂದೆ ಯಾರಾದರೂ "ಇದು ಅವರ ಸಹಿಯೇ ಅಲ್ಲ" ಅಂದಾಗ ಅದು ಕಾಪಾಡುತ್ತದೆ. ದುಡ್ಡು ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ, ನಿಮಗಿಂತ ಚಿಕ್ಕ ವಯಸ್ಸಿನವರನ್ನು ಮಾಡಿ. ನಮ್ಮ ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ಸರಿಯಿದೆ ಅಂತ ಕೋರ್ಟ್ ಕೊಡುವ ಪ್ರಮಾಣಪತ್ರ, ಕಡ್ಡಾಯ ಇಲ್ಲ. ಮುಸ್ಲಿಮರಾದರೆ ಒಂದು ವ್ಯತ್ಯಾಸ ಇದೆ: ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಿಲ್ ಮಾಡಲು ಬರುವುದಿಲ್ಲ.

ವಿಲ್ ಮತ್ತು ನಾಮಿನಿ ಎರಡರಲ್ಲೂ ಒಂದೇ ಹೆಸರು ಇರುವ ಹಾಗೆ ನೋಡಿಕೊಳ್ಳಿ. ನಾಮಿನಿ ಅಣ್ಣ, ವಿಲ್‌ನಲ್ಲಿ ಹೆಂಡತಿ ಅಂತಾದರೆ ದುಡ್ಡು ಹೋಗುವುದು ಅಣ್ಣನ ಖಾತೆಗೆ, ಹೆಂಡತಿ ಅದನ್ನು ಕೇಳಿ ಪಡೆಯಬೇಕು.

ಆದರೆ ವಿಲ್‌ಗೆ ಒಂದು ಮಿತಿ ಇದೆ. ದುಡ್ಡನ್ನು ಒಬ್ಬರ ಕೈಗೆ ಮುಟ್ಟಿಸಿದರೆ ಅದರ ಕೆಲಸ ಮುಗಿಯಿತು. ಹತ್ತೊಂಬತ್ತು ವರ್ಷದ ಹುಡುಗನ ಕೈಗೆ ನಲವತ್ತು ಲಕ್ಷ ಬಂದರೆ ಅವನು ಬೈಕ್ ತೆಗೆದುಕೊಂಡರೂ ಸ್ನೇಹಿತನ ವ್ಯಾಪಾರಕ್ಕೆ ಸುರಿದರೂ ಕೇಳುವವರಿಲ್ಲ. ಹಾಗೇ, ದುಡ್ಡಿನ ವ್ಯವಹಾರ ಯಾವತ್ತೂ ನೋಡದ ಹೆಂಡತಿಯ ಹತ್ತಿರ ನೆಂಟರು ಒಬ್ಬೊಬ್ಬರಾಗಿ ಬಂದು ಸಾಲ ಕೇಳಿದರೆ ಆಕೆ ಇಲ್ಲ ಅನ್ನುವುದು ಎಷ್ಟು ಕಷ್ಟ ಗೊತ್ತಾ? ನಾನು ಕಣ್ಣಾರೆ ಕಂಡಿದ್ದೇನೆ.

ಟ್ರಸ್ಟ್: ಎರಡು ದಾರಿ, ಎರಡರ ಬೆಲೆ ಬೇರೆ ಬೇರೆ

ಟ್ರಸ್ಟ್ ಅಂದರೆ ಸರಳವಾಗಿ ಇಷ್ಟೇ. ನಿಮ್ಮ ದುಡ್ಡನ್ನು ನಂಬಿಕೆಯ ಒಬ್ಬರು ಅಥವಾ ಇಬ್ಬರ ಹೆಸರಿಗೆ ಮಾಡುತ್ತೀರಿ. ಅವರು ಟ್ರಸ್ಟಿಗಳು. ಆದರೆ ಅದು ಅವರ ದುಡ್ಡಲ್ಲ. ನೀವು ಬರೆದಿಟ್ಟ ಹಾಗೆ ಹೆಂಡತಿಗೆ, ಮಕ್ಕಳಿಗೆ ಖರ್ಚು ಮಾಡಬೇಕು, ಲೆಕ್ಕ ಇಡಬೇಕು, ತಾವು ಲಾಭ ಮಾಡಿಕೊಳ್ಳುವ ಹಾಗಿಲ್ಲ. ಇದಕ್ಕೆ 1882ರ ಭಾರತೀಯ ಟ್ರಸ್ಟ್ ಕಾಯ್ದೆ ಇದೆ. ಪತ್ರದಲ್ಲಿ ಬರೆಯದಿದ್ದರೆ ಟ್ರಸ್ಟಿ ಸಂಬಳವನ್ನೂ ಕೇಳುವ ಹಾಗಿಲ್ಲ.

ಮೊದಲ ದಾರಿ, ಬದುಕಿದ್ದಾಗಲೇ ಟ್ರಸ್ಟ್ ಮಾಡುವುದು. ಕೇಳಲು ಚೆನ್ನಾಗಿದೆ. ಆದರೆ ಪಿಎಫ್, ಪಿಪಿಎಫ್, ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ), ಹಿರಿಯ ನಾಗರಿಕರ ಉಳಿತಾಯ ಯೋಜನೆ, ಇವೆಲ್ಲ ವ್ಯಕ್ತಿಯ ಹೆಸರಲ್ಲಿ ಮಾತ್ರ ಇರುವಂಥವು. ಇವನ್ನು ಟ್ರಸ್ಟ್ ಹೆಸರಿಗೆ ಮಾಡಲು ಬರುವುದಿಲ್ಲ. ನಿವೃತ್ತಿಯಾಗಿ ದುಡ್ಡು ಕೈಗೆ ಬಂದ ಮೇಲೆ ಅದನ್ನು ಟ್ರಸ್ಟ್‌ಗೆ ಹಾಕಿ ಟ್ರಸ್ಟ್ ಹೆಸರಲ್ಲಿ ಎಫ್‌ಡಿ, ಮ್ಯೂಚುವಲ್ ಫಂಡ್ ಮಾಡಬಹುದು, ಅಷ್ಟೇ. ಅಂದರೆ ಸೀನಿಯರ್ ಸಿಟಿಜನ್ ಅಂತ ನಿಮಗೆ ಸಿಗುವ ಜಾಸ್ತಿ ಬಡ್ಡಿ ಬಿಟ್ಟುಕೊಟ್ಟ ಹಾಗೆ. ಟ್ರಸ್ಟ್‌ಗೆ ಬೇರೆ ಪ್ಯಾನ್, ಬೇರೆ ಖಾತೆ, ವರ್ಷಾ ವರ್ಷಾ ರಿಟರ್ನ್, ಆಡಿಟರ್ ಫೀಸು. ಹೆಂಡತಿಗಾಗಿ ಟ್ರಸ್ಟ್ ಮಾಡಿದರೂ ನೀವು ಬದುಕಿರುವವರೆಗೂ ಅದರ ಆದಾಯ ನಿಮ್ಮ ಲೆಕ್ಕಕ್ಕೇ ಸೇರಿಸಿ ತೆರಿಗೆ ಹಾಕುತ್ತಾರೆ. ಬೇಕಾದಾಗ ವಾಪಸ್ ಪಡೆಯುವ ಹಾಗೆ ಮಾಡಿಕೊಂಡರೂ ಅದೇ. ವಾಪಸ್ ಪಡೆಯದ ಹಾಗೆ ಮಾಡಿದರೆ ನಿಮ್ಮದೇ ದುಡ್ಡು ನಿಮ್ಮ ಮುಪ್ಪಿಗೆ ಸಿಗುವುದಿಲ್ಲ. ಅರವತ್ತು ವರ್ಷದವರಿಗೆ ನಾನು ಇದನ್ನು ಹೇಳುವುದಿಲ್ಲ. ದೊಡ್ಡ ವ್ಯಾಪಾರ, ಹತ್ತಾರು ಆಸ್ತಿ ಇರುವವರ ಮಾತು ಬೇರೆ.

ಎರಡನೇ ದಾರಿ, ವಿಲ್ ಒಳಗೇ ಟ್ರಸ್ಟ್ ಬರೆಯುವುದು. ನೀವು ಇರುವವರೆಗೂ ದುಡ್ಡು ನಿಮ್ಮದೇ. ಬೇಕಾದರೆ ಖರ್ಚು ಮಾಡಿ, ಬೇಕಾದರೆ ವಿಲ್ ಬದಲಾಯಿಸಿ. ನೀವು ಹೋದ ಮೇಲೆ ಇಂತಿಂಥ ದುಡ್ಡು ಟ್ರಸ್ಟ್‌ಗೆ ಹೋಗಬೇಕು, ಇವರು ಟ್ರಸ್ಟಿಗಳು, ಹೀಗೆ ಖರ್ಚು ಮಾಡಬೇಕು ಅಂತ ವಿಲ್ ಹೇಳುತ್ತದೆ. ನೌಕರಿ ಮಾಡಿ ನಿವೃತ್ತರಾದವರಿಗೆ ಇದೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ.

ತೆರಿಗೆಯಲ್ಲೂ ಇದಕ್ಕೆ ಒಂದು ಅನುಕೂಲ ಇದೆ. ಯಾರಿಗೆ ಎಷ್ಟು ಅಂತ ಪಾಲು ನಿಗದಿ ಮಾಡಿದ ಟ್ರಸ್ಟ್‌ಗೆ, ದುಡ್ಡು ಪಡೆಯುವವರ ಸ್ಲ್ಯಾಬ್ ಪ್ರಕಾರವೇ ತೆರಿಗೆ. ಪಾಲು ನಿಗದಿ ಮಾಡದೆ "ಟ್ರಸ್ಟಿಗಳು ಅಗತ್ಯ ನೋಡಿ ಕೊಡಲಿ" ಅಂತ ಬಿಟ್ಟರೆ ಸಾಮಾನ್ಯವಾಗಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಬೀಳುತ್ತದೆ. ಆದರೆ ವಿಲ್ ಮೂಲಕ ಆದ ಟ್ರಸ್ಟ್ ಆಗಿದ್ದು, ಆ ವಿಲ್ ಬರೆದವರು ವಿಲ್‌ನಲ್ಲಿ ಮಾಡಿದ ಒಂದೇ ಒಂದು ಟ್ರಸ್ಟ್ ಅದಾಗಿದ್ದರೆ, ಮಾಮೂಲಿ ಸ್ಲ್ಯಾಬ್ ದರ. ಹಾಗಾಗಿ ವಿಲ್‌ನಲ್ಲಿ ಮಗಳಿಗೊಂದು ಮಗನಿಗೊಂದು ಅಂತ ಎರಡು ಟ್ರಸ್ಟ್ ಬರೆಯುವ ಮುಂಚೆ ಆಡಿಟರ್ ಹತ್ತಿರ ಕೂತು ಮಾತಾಡಿ. ಇನ್ನು ಸತ್ತವರ ಆಸ್ತಿ ಮೇಲಿನ ತೆರಿಗೆ ನಮ್ಮ ದೇಶದಲ್ಲಿ 1985ರಲ್ಲೇ ಹೋಯಿತು. "ಟ್ರಸ್ಟ್ ಮಾಡಿ, ಎಸ್ಟೇಟ್ ತೆರಿಗೆ ಉಳಿಸಿ" ಅಂತ ಯಾರಾದರೂ ಹೆದರಿಸಿ ಫೀಸು ಕೇಳಿದರೆ ಎದ್ದು ಬನ್ನಿ.

ಪತ್ರ ಬರೆಸುವಾಗ ವಕೀಲರು ಮರೆತರೂ ನೀವು ಮರೆಯಬಾರದ ಮೂರು ವಿಷಯ ಇವೆ. ದುಡ್ಡನ್ನು ಎಲ್ಲೆಲ್ಲಿ ಹೂಡಬಹುದು ಅಂತ ಬರೆಸಿ, ಬರೆಯದಿದ್ದರೆ ಕಾನೂನು ಹೇಳಿದ ಕೆಲವೇ ಕಡೆ ಮಾತ್ರ ಹಾಕಬಹುದು. ಟ್ರಸ್ಟಿ ತೀರಿಕೊಂಡರೆ ಅಥವಾ ಬೇಡ ಅಂದರೆ ಮುಂದೆ ಯಾರು ಅಂತ ಬರೆಸಿ. ಕೊನೆಗೆ ಉಳಿದ ದುಡ್ಡು ಯಾರಿಗೆ ಅಂತ ಬರೆಸಿ, ಮತ್ತು ಆ ಉಳಿದ ದುಡ್ಡು ಪಡೆಯುವವರನ್ನೇ ಒಂಟಿ ಟ್ರಸ್ಟಿ ಮಾಡಬೇಡಿ. ಅವರು ಕೆಟ್ಟವರು ಅಂತಲ್ಲ. ಇವತ್ತು ಖರ್ಚು ಮಾಡಿದ ಪ್ರತಿ ರೂಪಾಯಿ ನಾಳೆ ತಮ್ಮ ಪಾಲಿಗೆ ಕಡಿಮೆ ಆಗುವ ಜಾಗದಲ್ಲಿ ಯಾರನ್ನೂ ಒಬ್ಬರನ್ನೇ ನಿಲ್ಲಿಸಬಾರದು.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ಟ್ರಸ್ಟ್

ವ್ಯಾಪಾರಕ್ಕೆ ಸಾಲ ಮಾಡಿರುವವರು ಇದನ್ನು ಗಮನಿಸಿ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಅಂತ ಒಂದಿದೆ. ಮದುವೆಯಾದ ಗಂಡಸು ತನ್ನ ಹೆಸರಿನ ಜೀವವಿಮೆಯನ್ನು ಈ ಕಾಯ್ದೆ ಅಡಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದರೆ ಅದು ತಾನಾಗಿಯೇ ಟ್ರಸ್ಟ್. ಆ ದುಡ್ಡು ಗಂಡನ ಆಸ್ತಿಗೆ ಸೇರುವುದಿಲ್ಲ, ಸಾಲ ಕೊಟ್ಟವರು ಮುಟ್ಟುವ ಹಾಗಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಅದರ ಫಾರಂ ತುಂಬಬೇಕು. ಒಮ್ಮೆ ಮಾಡಿದರೆ ಹೆಸರು ಬದಲಾಯಿಸಲು ಆಗುವುದಿಲ್ಲ, ಅದು ಗೊತ್ತಿರಲಿ. ಟರ್ಮ್ ಇನ್ಶೂರೆನ್ಸ್‌ಗೂ ಮಾಡಿಸಬಹುದು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಗಟ್ಟಿ ರಕ್ಷಣೆ ನಾನು ಬೇರೆ ಕಂಡಿಲ್ಲ.

ಅಮೆರಿಕದಲ್ಲಿ ಕೆಲಸ ಮಾಡಿ 401ಕೆ ಅಥವಾ ಐಆರ್‌ಎ ಅನ್ನುವ ಅಲ್ಲಿನ ನಿವೃತ್ತಿ ಉಳಿತಾಯ ಖಾತೆ ಇಟ್ಟುಕೊಂಡಿರುವ ನಮ್ಮವರು ಬಹಳ ಇದ್ದಾರೆ. ಅವರಿಗೆ ಲೆಕ್ಕ ತಲೆಕೆಳಗು. ಅಲ್ಲಿ ಆ ಖಾತೆಯಲ್ಲಿ ಬರೆದ ಹೆಸರೇ ನಡೆಯುತ್ತದೆ, ವಿಲ್ ಅದನ್ನು ಮೀರುವುದಿಲ್ಲ. 401ಕೆಯಲ್ಲಿ ಹೆಂಡತಿ ಒಪ್ಪಿ ಸಹಿ ಮಾಡದೆ ಬೇರೆ ಹೆಸರು ಹಾಕುವ ಹಾಗೂ ಇಲ್ಲ. ದೊಡ್ಡ ಮಕ್ಕಳಿಗೆ ಬಂದರೆ ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಖಾಲಿ ಮಾಡಿ ತೆರಿಗೆ ಕಟ್ಟಬೇಕು. ಅಲ್ಲಿ ಟ್ರಸ್ಟ್ ಹೆಸರು ಹಾಕುವುದಾದರೆ ಅಲ್ಲಿನ ವಕೀಲರೇ ಬೇಕು, ಇಲ್ಲಿನ ವಿಲ್‌ನಲ್ಲಿ ಒಂದು ಸಾಲು ಸೇರಿಸಿ ಬಿಡುವ ವಿಷಯ ಅಲ್ಲ.

ಹಾಗಾದರೆ ನಿಮಗೆ ಯಾವುದು?

ಹೆಂಡತಿ ವ್ಯವಹಾರ ಬಲ್ಲವರು, ಮಕ್ಕಳು ದುಡಿಯುತ್ತಿದ್ದಾರೆ ಅಂದರೆ ಎಲ್ಲಾ ಕಡೆ ಹೆಂಡತಿ ನಾಮಿನಿ, ಒಂದು ವಿಲ್, ಮುಗಿಯಿತು. ಟ್ರಸ್ಟ್ ಬೇಡ, ಸುಮ್ನೆ ಖರ್ಚು. ಮಕ್ಕಳು ಇನ್ನೂ ಶಾಲೆಯಲ್ಲಿದ್ದಾರೆ ಅಂದರೆ ಪಿಎಫ್ ಹೆಂಡತಿಗೆ ಬಿಡಿ, ಉಳಿದ ದುಡ್ಡಿಗೆ ವಿಲ್ ಬರೆಯಿರಿ. ಜೊತೆಗೆ "ನಾವಿಬ್ಬರೂ ಒಟ್ಟಿಗೆ ತೀರಿಕೊಂಡರೆ" ಅಂತ ಒಂದು ಭಾಗ ಸೇರಿಸಿ, ಅದರಲ್ಲಿ ಮಕ್ಕಳಿಗೆ 25 ಆಗುವವರೆಗೂ ಟ್ರಸ್ಟ್ ಇಡಿ. ಎರಡನೇ ಮದುವೆ, ಮೊದಲ ಹೆಂಡತಿಯ ಮಕ್ಕಳೂ ಇದ್ದಾರೆ ಅಂದರೆ ಟ್ರಸ್ಟ್ ಬಗ್ಗೆ ಗಟ್ಟಿಯಾಗಿ ಯೋಚಿಸಿ. ಹೆಂಡತಿ ಇರುವವರೆಗೂ ಬಡ್ಡಿ ಅವರಿಗೆ, ಆಮೇಲೆ ಅಸಲು ಎಲ್ಲಾ ಮಕ್ಕಳಿಗೆ ಅಂತ ಬರೆದರೆ ಯಾರೂ ಯಾರನ್ನೂ ಕಾಡಬೇಕಾಗಿಲ್ಲ. ವಿಶೇಷ ಅಗತ್ಯ ಇರುವ ಮಗು ಇದ್ದರೆ ಯೋಚನೆಯೇ ಬೇಡ, ಈ ವರ್ಷವೇ ಮಾಡಿ.

ಚಿಕ್ಕಮ್ಮ ಮಾಡಿದ್ದು ಇದನ್ನೇ. ಹೋದ ವರ್ಷ ವಿಲ್ ಬರೆಸಿದರು. ತಮ್ಮ ಉಳಿತಾಯ ಮಗನಿಗಾಗಿ ಟ್ರಸ್ಟ್‌ಗೆ, ಮಗಳು ಮತ್ತು ಚಿಕ್ಕಮ್ಮನ ತಮ್ಮ ಇಬ್ಬರೂ ಟ್ರಸ್ಟಿಗಳು, ಅವರ ನಂತರ ನಾನು. ಮಗ ಇರುವವರೆಗೂ ಅವನಿಗೆ, ಆಮೇಲೆ ಉಳಿದಿದ್ದು ಮಗಳಿಗೆ. ನೋಂದಣಿ ಮಾಡಿಸಿಕೊಂಡು ಬಂದ ದಿನ ಸಂಜೆ, ವಿಲ್ ಜೊತೆ ಇಡಲು ಇನ್ನೊಂದು ಕಾಗದ ಬರೆಯಬೇಕು ಅಂತ ವಕೀಲರು ಹೇಳಿದ್ದನ್ನು ನೆನಪಿಸಿದೆ. ಟ್ರಸ್ಟಿಗಳಿಗೆ ಅಮ್ಮ ಬರೆಯುವ ಕಾಗದ, ಕಾನೂನು ಭಾಷೆ ಬೇಕಿಲ್ಲ. ಚಿಕ್ಕಮ್ಮ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಅವನಿಗೆ ಬದನೆಕಾಯಿ ಹಾಕಬೇಡಿ. ರಾತ್ರಿ ರೇಡಿಯೋ ಸಣ್ಣಗೆ ಹಾಕಿಟ್ಟರೆ ಮಾತ್ರ ಮಲಗುತ್ತಾನೆ. ಕ್ಷೌರದಂಗಡಿ ಕಂಡರೆ ಹೆದರುತ್ತಾನೆ, ಕ್ಷೌರ ಮಾಡುವವರನ್ನು ಮನೆಗೇ ಕರೆಸಿ, ಅವರು ಕೇಳಿದಷ್ಟು ಕೊಡಿ, ಚೌಕಾಸಿ ಮಾಡಬೇಡಿ. ಭಾನುವಾರ ಬೆಳಿಗ್ಗೆ ಅವರಪ್ಪ ಕರೆದುಕೊಂಡು ಹೋಗುತ್ತಿದ್ದ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ. ಅಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದಲ್ಲ, ಎರಡು ಅಂತ ಬರಿ" ಅಂದರು.